ಗಂಟೆ ನುಂಗಿದ ಸಿಡಿ

ನನ್ನ ಸೋದರಮಾವನನ್ನು ಪೇಟೆಯಲ್ಲಿ ಎಲ್ಲರೂ ಕರೆಯುವುದು ಕಿವಿಮಾವ ಎಂದೇ. ಸ್ಪೀಕರ್ ರಿಪೇರಿ ಅವರ ಕಸುಬು. ಕೆಟ್ಟ ಸ್ಪೀಕರ್ ಮೇಜಿಗೆ ಬಂದರೆ ಮೀಟರು ಮುಟ್ಟುವವರಲ್ಲ. ತಲೆ ಓರೆ ಮಾಡಿ ಒಂದು ಗಳಿಗೆ ಕೇಳಿ, “ಒಳಗೆ ಕಾಗದ ಹರಿದಿದೆ” ಎನ್ನುವರು. ಬಿಚ್ಚಿದರೆ ಹರಿದೇ ಇರುತ್ತಿತ್ತು. ಕಿವಿಯೇ ಅವರ ಅನ್ನ. ಇನ್ನು ವಾದಕ್ಕೆ ನಿಂತರೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಅವರ ಹತ್ತಿರ ಹಳೆಯ ರಾಕ್ ತಂಡವೊಂದರ ಎಲ್‌ಪಿ ತಟ್ಟೆ ಇದೆ, ಅವರ ಕಾಲೇಜು ದಿನಗಳದ್ದು. ಅದರ ಕೊನೆಯ ಹಾಡಿನಲ್ಲಿ ಗಿಟಾರು, ಡ್ರಮ್ಮು ಎಲ್ಲ ಗದ್ದಲ ಮಾಡಿ ಮಾಡಿ ಸುಸ್ತಾಗಿ ತಗ್ಗುತ್ತವೆ. ಆಗ ಕಿರುಗಂಟೆಗಳು ಕಿಣಿಕಿಣಿ ಎನ್ನುತ್ತವೆ. ಆ ಜಾಗ ಬಂದಾಗ ಮಾವ ತಿರುಗುವ ತಟ್ಟೆಯ ಮೇಲೆ ಬಗ್ಗಿ, ಮುಳ್ಳನ್ನೇ ನೋಡುತ್ತ, ಬೆರಳೆತ್ತಿ “ಹಾಂ! ಬಂತು!” ಎನ್ನುವರು. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಇದನ್ನು ನೋಡಿದ್ದೇನೆ.

ಅದೇ ಹಾಡುಗಳ ಸಿಡಿ ಸಿಕ್ಕಿತೆಂದು ಹೋದ ಭಾನುವಾರ ಖುಷಿಯಿಂದ ತಂದುಕೊಟ್ಟೆ. ಕೊನೆಯ ಹಾಡು ಮುಗಿಯಿತೋ ಇಲ್ಲವೋ, ಮಾವ ಕೂಗಾಡಿದರು. “ಇದೇನೇ ಇದು! ಗಂಟೆಗಳನ್ನೇ ನುಂಗಿ ಹಾಕಿದ್ದಾರಲ್ಲ, ಕಳ್ಳರು!”

“ಮಾವ, ಕಿಣಿಕಿಣಿ ಅಂದವಲ್ಲ! ಸರಿಯಾಗಿ ಕೇಳಿ.”

“ನನಗೆ ಕೇಳೋದು ಹೇಳಿಕೊಡ್ತೀಯಾ? ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು!”

ನನಗೂ ಮೂಗಿನ ತುದಿಯಲ್ಲೇ ಕೋಪ. ಅಡುಗೆಮನೆಯಿಂದ ಅತ್ತೆಯನ್ನು ಕರೆದೆ. “ಅತ್ತೆ, ಇವರ ಕಣ್ಣಿಗೆ ಟವೆಲ್ ಕಟ್ಟಿ. ಎಲ್‌ಪಿ ಯಾವುದು, ಸಿಡಿ ಯಾವುದು, ಬರೀ ಕೇಳಿ ಹೇಳಲಿ.”

“ಕಣ್ಣಿಗೇನು, ಬಾಯಿಗೂ ಕಟ್ತೀನಿ ಬಿಡು, ಪುಣ್ಯ ಬರುತ್ತೆ,” ಎನ್ನುತ್ತ ಅತ್ತೆ ಬಿಗಿಯಾಗಿಯೇ ಕಟ್ಟಿದರು.

ಮೊದಲು ಸುಲಭದ್ದೇ ಇರಲಿ ಎಂದು ಎಲ್‌ಪಿಯನ್ನೇ ಹಾಕಿದೆ. ಹಳೆಯ ತಟ್ಟೆ, ಚಿಟಪಟ ಎನ್ನುತ್ತಲೇ ಇತ್ತು. ಗದ್ದಲ ತಗ್ಗಿತು. ಗಂಟೆಗಳು ಶುರುವಾದವು, ಪಕ್ಕದ ಕೋಣೆಗೂ ಕೇಳುವಷ್ಟು ಸ್ಪಷ್ಟವಾಗಿ.

“ನೋಡಿದ್ಯಾ?” ಮಾವ ತೊಡೆ ತಟ್ಟಿದರು. “ಇಲ್ಲೇ ಬರಬೇಕಿತ್ತು, ಬರಲೇ ಇಲ್ಲ! ಇದೇ ನಿನ್ನ ದರಿದ್ರ ಸಿಡಿ!”

ಅತ್ತೆಗೆ ನಗು ತಡೆಯಲಾಗಲಿಲ್ಲ. “ಸೋತ್ರಿ! ಕಣ್ಣು ಬಿಟ್ಟು ನೋಡ್ರೀ!” ಎಂದು ಟವೆಲ್ ಕಿತ್ತರು.

ಮಾವ ನೋಡಿದರು. ಮುಳ್ಳು ತಟ್ಟೆಯ ಮೇಲೆ ಅದೇ ಜಾಗದಲ್ಲಿತ್ತು. ಬೆರಳು ಅಭ್ಯಾಸಬಲದಿಂದ ಅರ್ಧ ಎದ್ದಿತು, ಅಲ್ಲೇ ನಿಂತಿತು.

ಅಯ್ಯೋ, ಎಷ್ಟು ದಿನಗಳಿಂದಲೋ ಈ ಮನುಷ್ಯನಿಗೆ ಗಂಟೆಗಳು ಕೇಳುತ್ತಲೇ ಇರಲಿಲ್ಲ! ಮುಳ್ಳು ಆ ಜಾಗಕ್ಕೆ ಬಂದದ್ದನ್ನು ಕಣ್ಣಲ್ಲಿ ನೋಡುತ್ತಿದ್ದರು, ಉಳಿದದ್ದನ್ನು ನೆನಪು ಬಾರಿಸುತ್ತಿತ್ತು. ಸಿಡಿಯಲ್ಲಿ ನೋಡಲು ಮುಳ್ಳಿಲ್ಲ, ಅದಕ್ಕೇ ಗಂಟೆಯೂ ಇಲ್ಲ. ಮಾತು ಕೇಳುವ ಕಿವಿಗೆ ಸಣ್ಣ ಚೂಪು ದನಿಗಳು ಮಾತ್ರ ಬೀಳುತ್ತಿರಲಿಲ್ಲ; ಹಳೆಯ ತಟ್ಟೆಯ ಆ ಚಿಟಪಟವೂ ಅವರನ್ನು ಮುಟ್ಟಿರಲಿಲ್ಲ. ಈಚೆಗೆ ಗಿರಾಕಿಗಳು “ನೀವು ಮಾಡಿಕೊಟ್ಟ ಸ್ಪೀಕರ್ ಕಿವಿ ಕೊರೆಯುತ್ತೆ” ಎಂದು ವಾಪಸು ತರುತ್ತಿದ್ದರು. ತಮಗೆ ಕೇಳುವವರೆಗೆ ಚೂಪು ದನಿ ಏರಿಸುತ್ತಿದ್ದ ಮಾವ ಅವರನ್ನೇ ಬೈದು ಕಳಿಸುತ್ತಿದ್ದರು. ಅದೆಲ್ಲ ಈಗ ಒಟ್ಟಿಗೆ ಅರ್ಥವಾಯಿತು.

ಅತ್ತೆಯ ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಟವೆಲನ್ನು ಎದೆಗೊತ್ತಿಕೊಂಡು ನಿಂತಿದ್ದರು.

“ಈಗಲೂ ಬಾರಿಸ್ತಿದಾರಾ?” ಮಾವ ಮೆಲ್ಲಗೆ ಕೇಳಿದರು.

“ಹೂಂ ಮಾವ.”

ಬೈಯುತ್ತಾರೆ, ಇಲ್ಲವೇ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕಣ್ಣು ಮುಚ್ಚಿ ಅಂಗೈ ಚಾಚಿದರು. “ಮುಳ್ಳು ಹಿಂದಕ್ಕಿಡು. ಗಂಟೆ ಹೊಡೆದ ಹಾಗೆಲ್ಲ ಇಲ್ಲಿ ತಟ್ಟು.”

ಹಿಂದಕ್ಕಿಟ್ಟೆ. ಗಂಟೆ ಹೊಡೆದ ಹಾಗೆ ಬೆರಳಿನಿಂದ ತಟ್ಟುತ್ತ ಹೋದೆ. ಕಣ್ಣು ಮಂಜಾಗಿತ್ತು.

“ಒಂದು ಬಿಟ್ಟೆ ಕಣೇ,” ಎಂದರು ಮಾವ.

ನಿಜ, ಬಿಟ್ಟಿದ್ದೆ.