ಪೂಜೆಗಿಟ್ಟ ರಿಮೋಟು

ಬೆಳಿಗ್ಗೆ ಎಂಟು ನಲವತ್ತಕ್ಕೆ ಅಮ್ಮನ ಚೀಲದಲ್ಲಿ ರಿಮೋಟು ಇಲ್ಲವೆಂದು ಗೊತ್ತಾಯಿತು. ಅಷ್ಟರಲ್ಲಿ ಅವಳನ್ನು ಆಪರೇಷನ್ ಥಿಯೇಟರಿನೊಳಗೆ ಕರೆದೊಯ್ದಿದ್ದರು.

ಅಮ್ಮನ ಸೊಂಟದ ಹಿಂದೆ, ಚರ್ಮದಡಿಯಲ್ಲಿ, ಒಂದು ಪುಟ್ಟ ಯಂತ್ರವಿದೆ. ಅದರ ತಂತಿ ಮೂತ್ರಕೋಶದ ನರವನ್ನು ಮೆಲ್ಲಗೆ ಮಿಡಿಸುತ್ತದೆ. ಅದನ್ನು ಹಾಕಿಸುವ ಮುಂಚೆ ಅವಳು ರಾತ್ರಿಯಿಡೀ ಹಾಸಿಗೆಗೂ ಬಚ್ಚಲಿಗೂ ಓಡಾಡುತ್ತಿದ್ದಳು. ಆ ಸದ್ದಿಗೆ ನಾನೂ ಏಳುತ್ತಿದ್ದೆ. ಈಗ ಗಡ್ಡೆಗಳಿಂದ ರಕ್ತ ಹೋಗಿ ಹೋಗಿ ಗರ್ಭಕೋಶವನ್ನೇ ತೆಗೆಸಬೇಕಾಗಿ ಬಂದಿತ್ತು. ಕೊಯಮತ್ತೂರಿನ ಡಾಕ್ಟರು ಎಚ್ಚರಿಸಿದ್ದರು: ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುತ್ತೇವೆ, ಅದು ತಂತಿ ಹಿಡಿದು ಹೋದರೆ ನರವೇ ಸುಡಬಹುದು. ಯಂತ್ರ ಆಫ್ ಮಾಡಿ, ಅದರ ರಿಮೋಟು ತನ್ನಿ.

ಆಫ್ ಆಗಿದೆಯಾ ಎಂದು ನರ್ಸು ಕೇಳಿದಾಗ ಅಮ್ಮ ತಮಿಳಿನಲ್ಲಿ "ನೇತ್ತೇ ಆಚ್ಚು" ಎಂದಿದ್ದಳು. ನಿನ್ನೆಯೇ ಆಯಿತಂತೆ. ನಾನೂ ನಂಬಿದ್ದೆ.

ನಿನ್ನೆ ಆಯುಧಪೂಜೆ. ನಾವು ಕೊಯಮತ್ತೂರಿನ ಹತ್ತಿರದ ಅನ್ನೂರಿನ ಕನ್ನಡ ನೇಕಾರರು. ಮಗ್ಗ, ಲಾಳಿ, ಕತ್ತರಿಗಳಿಗೆ ಕುಂಕುಮವಿಟ್ಟ ಮೇಲೆ, ಮರುದಿನ ಮತ್ತೆ ಪೂಜೆ ಮಾಡಿ ಎತ್ತುವವರೆಗೆ ನಮ್ಮಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. ಆ ಮರುಪೂಜೆಗೆಂದೇ ಅಪ್ಪ ಮನೆಯಲ್ಲಿ ಉಳಿದಿದ್ದರು.

ನಾನು ಥಿಯೇಟರಿನ ಬಾಗಿಲು ಬಡಿದೆ. ಪುಣ್ಯಕ್ಕೆ ಇನ್ನೂ ಅರಿವಳಿಕೆ ಕೊಟ್ಟಿರಲಿಲ್ಲ. ಡಾಕ್ಟರು ನನ್ನನ್ನೇ ಒಳಗೆ ಕರೆದರು.

"ಅಮ್ಮಾ, ರಿಮೋಟ್ ಎಲ್ಲಿ?"

"ಪೂಜೇಲಿ ಇಟ್ಟಿವ್ನಿ ಕಣ್ಣು, ಲಾಳಿ ಪಕ್ಕ. ಮಗ್ಗ ನಿಂತಂಗೆ ಅದೂ ನಿಂತಿರ್ತದಲ್ಲ?"

ನಾನು ಅದನ್ನು ತಮಿಳಿನಲ್ಲಿ ಹೇಳಿದ್ದು ಕೇಳಿ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ರಜೆ ರಿಮೋಟಿಗೆ ಸಿಕ್ಕಿದೆಯಮ್ಮಾ, ಯಂತ್ರಕ್ಕಲ್ಲ. ಅದು ಬರುವವರೆಗೆ ನಾನು ಕೈ ಹಚ್ಚುವುದಿಲ್ಲ."

ಫೋನಿನಲ್ಲಿ ಅಪ್ಪ ಅಡ್ಡ ಹಾಕಿದರು. "ಮರುಪೂಜೆ ಆಗ್ದೆ ಹೆಂಗೆ ಎತ್ತದು ಪಾಪಾ? ಒಳ್ಳೆ ಗಳಿಗೆ, ನಲ್ಲ ನೇರ, ಇನ್ನೂ ಬಂದಿಲ್ಲ."

"ಅಪ್ಪಾ, ಅಮ್ಮನ ನರ ಸುಟ್ಟೋದ್ರೆ ಯಾವ ನಲ್ಲ ನೇರ?"

ಆ ಕಡೆ ತೆಂಗಿನಕಾಯಿ ಒಡೆದ ಸದ್ದು ಕೇಳಿಸಿತು.

ಅಪ್ಪ ಮೊಪೆಡ್ ಓಡಿಸಿಕೊಂಡು ಬಂದರು. ರಿಮೋಟಿನ ತುಂಬ ಗಂಧ, ಕುಂಕುಮ. ಅಮ್ಮ ಮಲಗಿದಲ್ಲಿಂದಲೇ ಕೇಳಿದಳು, "ಕಾಯಿ ಒಡದ್ರಾ, ಹಂಗೇ ಎತ್ಕೊಂಡ್ ಬಂದ್ರಾ?"

"ಒಡ್ದೆ ಒಡ್ದೆ. ನೀ ಸುಮ್ನೆ ಮಲಗು."

ಡಾಕ್ಟರು ಕುಂಕುಮ ಒರೆಸಿ, ಯಂತ್ರ ನಿಂತಿತೆಂದು ಎರಡೆರಡು ಸಲ ನೋಡಿದ ಮೇಲೆಯೇ ಕೆಲಸಕ್ಕೆ ಇಳಿದರು. ಸುಡುವುದಕ್ಕೂ ಚಿಮಟದಂಥ ಉಪಕರಣವನ್ನೇ ಬಳಸಿದರಂತೆ. ಅದರ ಕರೆಂಟು ಎರಡು ತುದಿಗಳ ನಡುವೆಯೇ ನಿಲ್ಲುತ್ತದೆ. ಆಪರೇಷನ್ ಸುಸೂತ್ರವಾಗಿ ಆಯಿತು. ನರ ಉಳಿದಿದೆಯೇ ಎಂಬುದು ಮಾತ್ರ ಯಂತ್ರ ಮತ್ತೆ ಆನ್ ಮಾಡಿದ ದಿನ ತಿಳಿಯಿತು. "ಇರುವೆ ಹರದಂಗೆ ಆಗ್ತದೆ," ಎಂದು ಅಮ್ಮ ನಕ್ಕಳು. ನರ ಉಳಿದಿತ್ತು.

ಆದರೂ ಹಲವು ರಾತ್ರಿ ಅವಳು ಬಚ್ಚಲಿಗೆ ಎದ್ದಳು. ನಾನು ಕಣ್ಣು ಮುಚ್ಚಿದರೆ ಥಿಯೇಟರಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಕನಸಿನಲ್ಲಿ ನಾನು ಅದನ್ನು ಬಡಿಯುತ್ತಲೇ ಇರಲಿಲ್ಲ.

ಕಾರ್ತಿಕ ದೀಪದ ಮರುದಿನ ಎಚ್ಚರವಾದಾಗ ಮಗ್ಗದ ಮೇಲೆ ಬಿಸಿಲಿತ್ತು. ಅಮ್ಮ ಪಕ್ಕದಲ್ಲೇ ಇದ್ದಳು, ರಾತ್ರಿ ಹೊದ್ದ ಹೊದಿಕೆ ಹಾಗೇ ಇತ್ತು, ಗೊರಕೆ ಹೊಡೆಯುತ್ತಿದ್ದಳು.