ಯೂರೋಪಾ ಮತ್ತು ಅಕ್ಕನ ಹುಳದ ಮನೆ

ನಾನು ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಕೂತಿರುತ್ತೆ. ಬೇಕಾದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಆದರೆ ಯೂರೋಪಾ ವಿಷಯ ಎತ್ತಿದರೆ ಮಾತ್ರ ಸಿಟ್ಟೆಲ್ಲ ಇಳಿದು, ಊಟ ತಿಂಡಿ ಮರೆತು ಮಾತಾಡುತ್ತಾ ಕೂರುತ್ತೇನೆ.

ಯೂರೋಪಾ ಅಂದರೆ ದೇಶಗಳಿರುವ ಯೂರೋಪಲ್ಲ. ಗುರುಗ್ರಹವನ್ನು ಸುತ್ತುವ ನಾಲ್ಕು ದೊಡ್ಡ ಚಂದ್ರಗಳಲ್ಲಿ ಒಂದು, ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದು. ಮೈಯೆಲ್ಲ ಮಂಜುಗಡ್ಡೆ. ಆ ಮಂಜುಗಡ್ಡೆಯ ಮೇಲೆ ಉದ್ದುದ್ದ ಕಂದು ಗೀರುಗಳು. ಹೊಲದಲ್ಲಿ ಬರಿಗಾಲಲ್ಲಿ ತಿರುಗಿದವರ ಹಿಮ್ಮಡಿ ಒಡೆದಿರುತ್ತಲ್ಲ, ಹಾಗೆ. ಅದರ ಅಡಿಯಲ್ಲಿ ಉಪ್ಪುನೀರಿನ ಸಮುದ್ರ ಇದೆ ಅನ್ನುತ್ತಾರೆ. ನಮ್ಮ ಭೂಮಿಯ ಸಮುದ್ರಗಳನ್ನೆಲ್ಲ ಒಟ್ಟುಮಾಡಿದರೂ ಅಲ್ಲಿನ ನೀರೇ ಹೆಚ್ಚಂತೆ. ಯಾರೂ ಕಣ್ಣಾರೆ ನೋಡಿಲ್ಲ. ಗುರುಗ್ರಹದ ಕಾಂತಕ್ಷೇತ್ರ ಭಾರೀ ಬಲವಾದದ್ದು. ಅದರೊಳಗೆ ತಿರುಗುತ್ತಿರುವ ಈ ಚಂದ್ರ, ಒಳಗೆ ಉಪ್ಪುನೀರಿದ್ದರೆ ಹೇಗೆ ಸ್ಪಂದಿಸಬೇಕೋ ಹಾಗೇ ಸ್ಪಂದಿಸುವುದನ್ನು ಒಂದು ನೌಕೆ ಪಕ್ಕದಲ್ಲಿ ಹಾದುಹೋಗುತ್ತಾ ಅಳೆದು ಹೇಳಿತು. ನೀರಿದೆ, ಒಳಗೆ ಒಂದಿಷ್ಟು ಬಿಸಿಯೂ ಇದೆ. ಹಾಗಾದರೆ ಅಲ್ಲಿ ಏನಾದರೂ ಬದುಕಿದೆಯಾ? ಈ ಪ್ರಶ್ನೆ ನನ್ನನ್ನು ಬೆಳಗ್ಗೆ ಕಾಫಿ ಹೊತ್ತಿನಲ್ಲೂ ಬಿಡುವುದಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ಶಿಡ್ಲಘಟ್ಟದ ಹತ್ತಿರ ಮೇಲೂರಿಗೆ. ನಮ್ಮಪ್ಪ ಗೌರಿಬಿದನೂರಿನಲ್ಲಿ ಗುಮಾಸ್ತರಾಗಿದ್ದವರು, ರೇಷ್ಮೆ ಅಂದರೆ ನಮ್ಮ ಮನೆಯಲ್ಲಿ ಬೀರುವಿನೊಳಗಿನ ಸೀರೆ ಅಷ್ಟೇ. ಅಕ್ಕ ಮದುವೆಯಾಗಿ ಹೋದ ಮೇಲೆ ಅತ್ತೆಯ ಕೈಕೆಳಗೆ ಹುಳ ಸಾಕುವುದು ಕಲಿತಳು. ಈಗ ಆ ಹುಳದ ಮನೆಗೆ ಅವಳೇ ಯಜಮಾನಿ. ತೋಟದ ಹಿಪ್ಪುನೇರಳೆ ಭಾವನದು, ಒಳಗಿನ ಹುಳ ಅವಳದು. ಆ ಬಾಗಿಲ ಹತ್ತಿರ ಭಾವನ ಮಾತೂ ನಡೆಯುವುದಿಲ್ಲ.

ಹೋದ ವರ್ಷ ಒಂದು ಬೆಳೆ ಪೂರ್ತಿ ಹೋಯಿತು. ಲಗ್ನಪತ್ರಿಕೆ ಕೊಡಲು ಬಂದ ನೆಂಟರು, ಹುಳ ಸಾಕುವ ಇನ್ನೊಬ್ಬರ ಮನೆಯಲ್ಲಿ ಕಾಫಿ ಕುಡಿದು ಸೀದಾ ಇಲ್ಲಿಗೆ ಬಂದಿದ್ದರು. ಶುಭಕಾರ್ಯಕ್ಕೆ ಕರೆಯಲು ಬಂದವರನ್ನು ಹೊರಗೆ ನಿಲ್ಲಿಸಲಾಗುತ್ತಾ? ಕುಂಕುಮ ಕೊಟ್ಟು ಒಳಗೆ ಕೂರಿಸಿದಳು. ಅವರು ಹುಳ ನೋಡ್ತೀವಿ ಅಂದರು, ತೋರಿಸಿದಳು. ಆಮೇಲೆ ಹುಳಗಳಿಗೆ ರೋಗ ಹತ್ತಿ, ಗೂಡು ಕಟ್ಟುವ ಮೊದಲೇ ಎಲ್ಲ ಗುಂಡಿಗೆ ಹೋದವು. ಭಾವ ಕೂಗಾಡಲಿಲ್ಲ. ಇನ್ನೊಂದು ಸಲ ಹೀಗಾದರೆ ಸೊಪ್ಪಿನ ಗಿಡ ಕೀಳಿಸಿ ಗುಲಾಬಿ ಹಾಕಿಸ್ತೀನಿ, ಹುಳದ ಮನೆಯಲ್ಲಿ ಗೊಬ್ಬರ ತುಂಬ್ತೀನಿ ಅಂದರಂತೆ. ಅಕ್ಕ ನನ್ನ ಹತ್ತಿರ ಅತ್ತುಕೊಂಡು ಇದನ್ನು ಹೇಳಿದ್ದಳು. ಇಷ್ಟು ವರ್ಷ ಈ ಮನೆಯಲ್ಲಿ ನಂದು ಅಂತ ಇರೋದು ಅದೊಂದೇ ಕಣೇ, ಅದೂ ಹೋದ್ರೆ ನಾನು ಬೆಳಗ್ಗೆ ಎದ್ದು ಏನು ಮಾಡ್ಲಿ ಅಂದಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ. ಹೊಸದಾಗಿ ಕೊಂಡ ಟೆಲಿಸ್ಕೋಪ್ ಹೊತ್ತುಕೊಂಡು ಮೇಲೂರಿಗೆ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಸುತ್ತ ಬರೀ ಬೀದಿದೀಪ. ಅಕ್ಕನ ಮನೆ ತಾರಸಿಯಲ್ಲಾದರೆ ಆಕಾಶ ಬಿಚ್ಚಿಕೊಂಡು ಕಾಣುತ್ತದೆ, ಅಕ್ಕನಿಗೂ ಯೂರೋಪಾ ತೋರಿಸಬಹುದು ಅಂತ. ನಮ್ಮ ಶಾಲೆಯ ಕನ್ನಡ ಮೇಡಂ ಅವರ ತವರು ಸಾದಲಿ, ಅದೂ ಶಿಡ್ಲಘಟ್ಟದ ಕಡೆಯೇ. ಮಧ್ಯಾಹ್ನ ಊಟಕ್ಕೆ ಬನ್ನಿ, ಹಿತಕಿದ ಅವರೆಬೇಳೆ ಸಾರು ಮಾಡಿಸ್ತೀನಿ ಅಂದಿದ್ದರು. ಆ ಸಾರಿಗೆ ಇಲ್ಲ ಅನ್ನುವ ಶಕ್ತಿ ನನಗಿಲ್ಲ.

ಊಟ ಆದ ಮೇಲೆ ಅವರ ತಾಯಿ ಹುಳದ ಮನೆ ತೋರಿಸಿದರು. ಒಳಗೆ ಬರುವವರ ಕಾಲಿಂದ ರೋಗ ದಾಟದಿರಲಿ ಅಂತ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿಡುವ ಗೋಣಿಚೀಲ ಬಾಗಿಲಲ್ಲಿ ಹಾಸಿತ್ತು, ಆದರೆ ಒಣಗಿತ್ತು. ಒಳಗೆ ಸೊಪ್ಪಿನ ಮೇಲೆ ಹುಳಗಳು ಬೆಳ್ಳಗೆ ಹರಡಿಕೊಂಡಿದ್ದವು. ಕೆಲವು ಮಾತ್ರ ಮಿಕ್ಕವಕ್ಕಿಂತ ದಪ್ಪ, ಮೈ ಹೊಳೆಯುತ್ತಿತ್ತು, ಮೇವು ಬಿಟ್ಟು ಅಂಚಿನ ಮೇಲೆ ಓಡಾಡುತ್ತಿದ್ದವು. ಎಷ್ಟು ಚುರುಕಾಗಿವೆಯಲ್ಲಮ್ಮ ಅಂತ ಹೊಗಳಿ, ಒಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಅವರಿಗೆ ಖುಷಿಯಾಯಿತು.

ಮೇಲೂರು ತಲುಪುವಾಗ ಸಂಜೆ. ಅಕ್ಕನ ಹುಳಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುವ ಕಾಲ. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಅಕ್ಕ ಗೇಟಿನ ಹತ್ತಿರ ಬಂದಳು. ಹೋದ ವರ್ಷದಿಂದ ಅವಳ ಮೊದಲ ಮಾತು ಯಾವಾಗಲೂ ಒಂದೇ, ಎಲ್ಲಿಂದ ಬಂದೆ ಅಂತ. ನಾನು ಸಾರಿನ ರುಚಿಯಿಂದ ಶುರುಮಾಡಿ ಹೊಳೆಯುವ ಹುಳಗಳವರೆಗೆ ಎಲ್ಲ ವರ್ಣಿಸಿದೆ.

“ಹೊಳೀತಿದ್ವಾ?” ಅಂದಳು ಅಕ್ಕ. “ಮುಟ್ಟಿದ್ಯಾ?”

ಹ್ಞೂಂ ಅಂದೆ. ಅವಳು ಗೇಟಿನ ಚಿಲಕ ಹಾಕಿದಳು. ಮೊದಲು ಅವರ ನಂಬರ್ ಕೊಡು ಅಂದಳು. ಅಲ್ಲೇ ನಿಂತು ಸಾದಲಿಯ ಆ ತಾಯಿಗೆ ಫೋನ್ ಮಾಡಿ, ತೆಲುಗು ಕನ್ನಡ ಎರಡೂ ಬೆರೆಸಿ, ಅದು ಹಾಲುತೊಂಡೆ ರೋಗ ಇದ್ದ ಹಾಗಿದೆಯಮ್ಮ, ಹೊಳೆಯೋ ಹುಳ ಎಲ್ಲ ಈಗಲೇ ಆರಿಸಿ ತೆಗೀರಿ, ಸುಣ್ಣ ಹಾಕಿ ಹೂತುಬಿಡಿ ಅಂತ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಹುಳ ಹಣ್ಣಾಗೋವರೆಗೂ ಈ ಕಡೆ ಬರಬೇಡ ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಕಾಲು ತೊಳೀತೀನಿ, ಬೇಕಾದ್ರೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಮುಳುಗಿ ಏಳ್ತೀನಿ, ನಿನ್ನ ಸೀರೆ ಉಡ್ತೀನಿ ಅಂದೆ. ಬೇಡ ಅಂದಳು. ಒಡಹುಟ್ಟಿದವಳಿಗಿಂತ ಹುಳ ಹೆಚ್ಚಾಯ್ತಾ ನಿನಗೆ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ತಿರುಗಿ ಮಾತಾಡದೆ ಒಳಗೆ ಹೋಗಿ, ಒಂದು ಪೇಪರ್ ಲೋಟದಲ್ಲಿ ಕಾಫಿ ತಂದು ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದಳು. ಸ್ಟೀಲ್ ಲೋಟ ಕೂಡ ಕೊಡಲಿಲ್ಲ ನೋಡಿ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿಟ್ಟಿನಲ್ಲೇ ರಸ್ತೆ ಬದಿಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿದೆ. ಕತ್ತಲಾಗುತ್ತಿತ್ತು, ಗುರು ಎತ್ತರದಲ್ಲಿ ಆಗಲೇ ಹೊಳೆಯುತ್ತಿದ್ದ. ಕಣ್ಣಿಟ್ಟೆ. ನಡುವೆ ಪುಟ್ಟ ಬಿಲ್ಲೆ, ಅದರ ಅಕ್ಕಪಕ್ಕ ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿ. ಅದರಲ್ಲೊಂದು ಯೂರೋಪಾ. ಅಯ್ಯೋ ಅಕ್ಕ, ಕಾಣ್ತಾ ಇದೆ, ಬಾ ಅಂತ ಕರೆದೇಬಿಟ್ಟೆ. ಸಿಟ್ಟು ಮರೆತುಹೋಗಿತ್ತು. ಅವಳು ಬರಲಿಲ್ಲ. ನೀನು ಮುಟ್ಟಿರೋದಲ್ವಾ ಅದು, ಅಲ್ಲಿಂದಲೇ ಹೇಳು ಅಂದಳು. ಗೇಟಿನ ಆಚೆ ನಿಂತು ಬರಿಗಣ್ಣಲ್ಲಿ ಗುರುವನ್ನು ನೋಡುತ್ತಿದ್ದಳು.

ಸರಿ, ಹೇಳಿದೆ. ಮಂಜುಗಡ್ಡೆ, ಅದರಡಿಯ ಸಮುದ್ರ, ಅದನ್ನು ಪತ್ತೆಹಚ್ಚಿದ ನೌಕೆ. ಆಮೇಲೆ ಆ ನೌಕೆಗೆ ಏನಾಯಿತು ಅಂತ ಅವಳೇ ಕೇಳಿದಳು. ವರ್ಷಗಟ್ಟಲೆ ಸುತ್ತಿ ಅದರ ಇಂಧನ ಮುಗಿಯುತ್ತಾ ಬಂತು ಅಂದೆ. ಹಾಗೇ ಬಿಟ್ಟರೆ ಎಂದಾದರೂ ಒಂದು ದಿನ ಯೂರೋಪಾ ಮೇಲೆ ಬಿದ್ದುಬಿಡಬಹುದು. ಇಲ್ಲಿಂದ ಹೋಗುವಾಗ ಅದಕ್ಕೆ ನಮ್ಮ ಭೂಮಿಯ ಸೂಕ್ಷ್ಮಾಣುಗಳು ಅಂಟಿಕೊಂಡಿದ್ದರೆ, ಅವು ಆ ನೀರಿಗೆ ಸೇರಿ, ಅಲ್ಲಿರುವುದನ್ನು… ಇಷ್ಟು ಹೇಳುವಾಗ ನನ್ನ ದನಿ ತಾನಾಗಿ ಇಳಿಯಿತು. ಹತ್ತನೇ ಕ್ಲಾಸಿಗೆ ಎಷ್ಟೋ ಸಲ ಹೇಳಿದ ಪಾಠ ಅದು. ಅದಕ್ಕೇ ಆ ನೌಕೆಯನ್ನು ಗುರುಗ್ರಹದೊಳಕ್ಕೇ ಇಳಿಸಿ ಸುಟ್ಟುಬಿಟ್ಟರು ಅಂತ ಹೇಗೋ ಮುಗಿಸಿದೆ. ಈಗ ಇನ್ನೊಂದು ನೌಕೆ ಹೊರಟಿದೆ, ಅದೂ ಪಕ್ಕದಲ್ಲೇ ಮತ್ತೆ ಮತ್ತೆ ಹಾದುಹೋಗುತ್ತೆ, ಇಳಿಯಲ್ಲ ಅಂದೆ.

ಅಕ್ಕ ಗುರುವಿನಿಂದ ಕಣ್ಣು ಕೀಳದೆ ಕೇಳಿದಳು.

“ಆ ನೀರಲ್ಲಿ ಹುಳ ಗಿಳ ಏನಾದ್ರೂ ಇದೆಯೇನೇ?”

“ಗೊತ್ತಿಲ್ಲ ಕಣಕ್ಕ. ಇದ್ರೂ ಇರಬಹುದು, ಇಲ್ದೇನೂ ಇರಬಹುದು.”

“ಇದೆಯೋ ಇಲ್ವೋ ಗೊತ್ತಿಲ್ದೇನೇ ಅಷ್ಟು ಮಾಡಿದ್ರಾ?” ಅಂದಳು. ಆಮೇಲೆ ಮೆಲ್ಲಗೆ, “ನನ್ನವು ಇರೋದು ನಂಗೆ ಗೊತ್ತಿದೆಯಲ್ಲಮ್ಮ.”

ನಾನು ಟೆಲಿಸ್ಕೋಪ್ ಮಡಚಿ ಚೀಲಕ್ಕೆ ಹಾಕಿದೆ. ಬರ್ತೀನಕ್ಕ ಅಂದೆ. ಕಾಫಿ ಆರಿಹೋಗಿತ್ತು, ಆದರೂ ಕುಡಿದೆ.

ಆ ವಾರ ಶಾಲೆಯಲ್ಲಿ ನನಗೆ ಯಾವುದರ ಮೇಲೂ ಗಮನ ಇರಲಿಲ್ಲ. ದಿನಾ ಅಕ್ಕನಿಗೆ ಫೋನ್ ಮಾಡಿ, ಮೇಯ್ತಿವೆಯಾ ಅಂತ ಕೇಳುತ್ತಿದ್ದೆ. ಮೇಯ್ತಿವೆ ಅನ್ನುತ್ತಿದ್ದಳು. ಸಾದಲಿಯಲ್ಲಿ ಮಾತ್ರ ಕೈಮೀರಿತ್ತು. ಎಷ್ಟು ಆರಿಸಿ ತೆಗೆದರೂ ಮತ್ತೆ ಮತ್ತೆ ಹೊಳೆಯುವ ಹುಳ ಕಾಣಿಸಿಕೊಂಡು, ಕೊನೆಗೆ ಮೈಯಿಂದ ಹಾಲಿನಂಥ ರಸ ಸೋರಿ ಎಲ್ಲ ಸತ್ತವು ಅಂತ ಕನ್ನಡ ಮೇಡಂ ಸ್ಟಾಫ್ ರೂಮಿನಲ್ಲಿ ಹೇಳಿ ಕಣ್ಣೊರೆಸಿಕೊಂಡರು. ನಾನು ಅಂಗೈಯಲ್ಲಿಟ್ಟುಕೊಂಡಿದ್ದೂ ಅಂಥದ್ದೇ ಒಂದು. ಅಕ್ಕನಿಗೆ ಹೇಳಿದಾಗ ಅವಳು ಅತ್ತಳು. ಹೋಗಿ ಆ ತಾಯಿಯನ್ನು ಒಂದು ಸಲ ಮಾತಾಡಿಸಬೇಕು, ಆದ್ರೆ ಈಗ ಹೋಗೋ ಹಾಗಿಲ್ಲವಲ್ಲೇ ಅಂದಳು.

ಅಕ್ಕನ ಹುಳ ಹಣ್ಣಾದವು. ಚಂದ್ರಿಕೆ ಅನ್ನುವ ತಟ್ಟೆಯ ಬಿದಿರಿನ ಸುತ್ತುಗಳಲ್ಲಿ ಕೂತು ಗೂಡು ಕಟ್ಟಿದವು. ಭಾವ ಅವನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದು, ಗುಲಾಬಿಯ ಮಾತೇ ಎತ್ತಲಿಲ್ಲ. ಮಾರನೇ ದಿನವೇ ಅಕ್ಕ ನನ್ನನ್ನು ಕರೆದುಕೊಂಡು ಸಾದಲಿಗೆ ಹೋದಳು.

ಆ ತಾಯಿ ಹುಳದ ಮನೆಯ ಬಾಗಿಲಲ್ಲೇ ಕೂತಿದ್ದರು. ಬಾಗಿಲು ತೆರೆದಿತ್ತು, ಒಳಗೆ ತಟ್ಟೆಗಳೆಲ್ಲ ಖಾಲಿ. ನಾವು ಅಂಗಳದಲ್ಲೇ ನಿಂತೆವು. ಒಂದು ಕೋಳಿ ಹುಳದ ಮನೆಯೊಳಗಿಂದ ಆರಾಮವಾಗಿ ನಡೆದುಕೊಂಡು ಬಂತು, ಅವರು ಅದನ್ನು ಓಡಿಸಲೂ ಇಲ್ಲ.

“ರಾಮ್ಮಾ, ಒಳಗೆ ಬನ್ನಿ,” ಅಂದರು ಅಕ್ಕನಿಗೆ, ತೆಲುಗು ಕನ್ನಡ ಬೆರೆಸಿ. “ಈಗ ಯಾರು ಬೇಕಾದ್ರೂ ಬರಬಹುದು.”

ಅಕ್ಕ ಹೋಗಲಿಲ್ಲ. ಹೊಸಲಿನ ಆಚೆ ಆ ಗೋಣಿಚೀಲ ಇನ್ನೂ ಒಣಗಿಕೊಂಡೇ ಬಿದ್ದಿತ್ತು. ಅವಳು ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪೌಡರ್ ಎಲ್ಲಿಟ್ಟಿದ್ದೀರಮ್ಮ, ಕಾಲು ತೊಳ್ಕೊಂಡು ಬರ್ತೀನಿ ಅಂದಳು. ಒಳಗೆ ಏನೂ ಇಲ್ಲವಲ್ಲಮ್ಮ ಅಂದರು ಅವರು. ಮುಂದಿನ ಬೆಳೆಗೆ ಹುಳ ತರ್ತೀರಲ್ಲ ಅಂದಳು ಅಕ್ಕ. ಅವರು ಮಂಡಿಯ ಮೇಲೆ ಕೈಯೂರಿ ಎದ್ದು, ಕೋಳಿಯನ್ನು ಅಂಗಳದಿಂದ ಆಚೆ ಅಟ್ಟಿ, ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರು ತಂದು ಗೋಣಿಚೀಲದ ಮೇಲೆ ಸುರಿದರು. ಅಕ್ಕ ಅದರ ಮೇಲೆ ಕಾಲಿಟ್ಟಳು, ಅವಳ ಹಿಂದೆ ನಾನೂ ಇಟ್ಟೆ.