ಸವತಿಯ ಸರದಿಯ ಮುದ್ದೆ

೧೯೮೭ನೆಯ ಇಸವಿ ಜನವರಿ ೧೪, ಬುಧವಾರ. ಚಳಿಗಾಲ. ಮರುಭೂಮಿಯ ಒಣಗಾಳಿ ನದಿದಡದ ನಮ್ಮ ಸೇಗು ಪಟ್ಟಣದ ಮೇಲೆ ಧೂಳು ಕವಿಸಿತ್ತು. ನಡುಹಗಲಿನಲ್ಲೂ ನದಿಯ ಆಚೆಯ ದಡ ಕಾಣುತ್ತಿರಲಿಲ್ಲ. ಅಂದು ನಾನು ನೆರೆಮನೆಯ ಗಾರೆ ಮೇಸ್ತ್ರಿ ಬಕಾರಿ ತ್ರಾವೊರೆಯ ಅಂಗಳದಲ್ಲಿ ಊಟಕ್ಕೆ ಕುಳಿತಿದ್ದೆ. ಅವನ ಹಿರಿಯ ಹೆಂಡತಿ ಸಿರಾಳ ಬದುಕನ್ನು ಹೇಳುವುದಾದರೆ ಆ ಊಟದಿಂದಲೇ ಆರಂಭಿಸಬೇಕು.

ಅಡುಗೆ ಕಿರಿಯ ಹೆಂಡತಿ ಜೆನೆಬಾಳದು. ಇಬ್ಬರಿಗೂ ಎರಡೆರಡು ದಿನದ ಸರದಿ. ಯಾರ ಸರದಿಯೋ ಅವರದೇ ಒಲೆ, ಗಂಡನೂ ಅವರ ಕೋಣೆಯಲ್ಲೇ. ನನ್ನನ್ನು ಕಂಡು ಜೆನೆಬಾ, "ಬನ್ನಿ ಮೇಷ್ಟ್ರೇ, ಅಲಸಂದೆ ತಿನ್ನೋ ಕುಲಿಬಾಲಿಗಳಿಗೆ ಇವತ್ತು ಅಲಸಂದೆ ಇಲ್ಲ, ಸಜ್ಜೆಮುದ್ದೇಲೇ ಸುಧಾರಿಸ್ಕೊಳ್ಳಿ," ಎಂದಳು. ಅವಳ ತವರಿಗೂ ನಮ್ಮ ಕುಲಿಬಾಲಿ ಮನೆತನಕ್ಕೂ, ಅಲಸಂದೆ ತಿನ್ನುವವರೆಂದು ಒಬ್ಬರನ್ನೊಬ್ಬರು ಹಂಗಿಸುವ ಇಂಥ ಹಾಸ್ಯದ ಸಲುಗೆ ಹಿಂದಿನಿಂದ ಬಂದದ್ದು.

ಸಿರಾಳ ಮಗ ಮೊದಿಬೊಗೆ ಆಗ ಏಳು ವರ್ಷ. ಎಲ್ಲರೂ ಕೈಯಿಟ್ಟಿದ್ದ ಬೋಗುಣಿಯಿಂದ ಅವನೂ ತುತ್ತು ಮುರಿದ, ಬೆಂಡೆಕಾಯಿ ಸಾರಿನಲ್ಲಿ ಅದ್ದಿದ, ತುಟಿಗೆ ಒಯ್ದ, ಆದರೆ ನುಂಗಲಿಲ್ಲ. ತುತ್ತು ಮೆಲ್ಲನೆ ಮಡಿಲಿಗೆ ಜಾರಿ ಕೋಳಿಗಳ ಪಾಲಾಯಿತು. ಬಾಗಿಲಲ್ಲಿ ನಿಂತ ತಾಯಿಯ ಕಣ್ಣು ಅವನ ಗಂಟಲ ಮೇಲಿತ್ತು. ಆ ಕೋಳಿಗಳು ಸಾಯುವ ಬದಲು ಕೊಬ್ಬುತ್ತಿದ್ದುದು ಮಾತ್ರ ಅವಳಿಗೆ ಕಾಣಲಿಲ್ಲ.

ಜೆನೆಬಾ ಆ ಮನೆಗೆ ಬಂದದ್ದು ೧೯೮೩ರ ನವೆಂಬರಿನಲ್ಲಿ. ೧೯೮೪ರ ಏಪ್ರಿಲ್ ೯ರಂದು ಸಿರಾಳ ಹೆಣ್ಣುಕೂಸು ತೀರಿಕೊಂಡಿತು. ದಡಾರವೆಂದು ವೈದ್ಯರು ಹೇಳಿದರು. ಆದರೆ ಕೂಸಿಗೆ ಕೊನೆಯ ಅಂಬಲಿ ಕುಡಿಸಿದ ಕೈ ಜೆನೆಬಾಳದಾಗಿತ್ತು. "ದಡಾರ ಊರಿಗೆಲ್ಲ ಬಂದಿತ್ತು. ಈ ಮನೇಲಿ ಮಾತ್ರ ಅದಕ್ಕೆ ನನ್ನ ಕೂಸೇ ಯಾಕೆ ಬೇಕಿತ್ತು?" ಎಂದು ಸಿರಾ ನನ್ನ ಹೆಂಡತಿಯನ್ನು ಕೇಳಿದ್ದಳು. ಅಂದಿನಿಂದ ಸವತಿಯ ಮಾಟಕ್ಕೆ ಹೆದರಿ ಅವಳು ಹೊಸ್ತಿಲು ಗುಡಿಸದೆ ದಾಟಲಿಲ್ಲ. ಬಾಚಿದ ಕೂದಲನ್ನು ಎಣಿಸಿದಂತೆ ಹೆಕ್ಕಿ ಸುಡುತ್ತಿದ್ದಳು. ಉಳಿದ ಒಬ್ಬ ಮಗನನ್ನು ಉಳಿಸಿಕೊಳ್ಳುವುದೊಂದೇ ಅವಳ ಚಿಂತೆ. ಸುತ್ತ ನೋಡಿ ಪಾತ್ರೆಗೆ ಏನಾದರೂ ಹಾಕುವವರು ಶತ್ರುಗಳೆಂದು ಅವನಿಗೆ ಕಲಿಸಿದಳು. ಬಕಾರಿಯೋ, ಯಾರ ಕೋಣೆಯಲ್ಲಿದ್ದರೆ ಅವರ ಮಾತಿಗೆ ತಲೆಯಾಡಿಸುತ್ತಿದ್ದ.

ಜೆನೆಬಾಳಿಗೆ ಎಲ್ಲವೂ ತಿಳಿದಿತ್ತು. ಊಟ ಮುಗಿದ ಮೇಲೆ ಅವಳು ನನ್ನೆದುರಿಗೇ ಕೇಳಿದಳು: "ಅಕ್ಕಾ, ಹುಡುಗ ಸೊರಗ್ತಿದಾನೆ. ನಾನೇ ಮೊದಲು ತಿಂದು ತೋರಿಸ್ಲಾ?"

"ಯಾಕೆ," ಎಂದಳು ಸಿರಾ, "ತೋರಿಸೋವಂಥದ್ದು ಏನಾದ್ರೂ ಇದೆಯಾ?"

ಮುಂದಿನ ತಿಂಗಳು ಸಿರಾ ನದಿ ದಾಟಿ, ಮದ್ದು ಕೊಡುವವನೊಬ್ಬನಿಂದ ರಕ್ಷೆಯ ತೊಗಟೆಪುಡಿ ತಂದಳು. ಯಾರಿಗೂ ಹೇಳಬಾರದು, ಮಗನಲ್ಲದೆ ಬೇರೊಬ್ಬರ ನಾಲಗೆಗೆ ತಗುಲಿದರೆ ಅದರ ಶಕ್ತಿ ಹೋಗುತ್ತದೆ ಎಂದು ಅವನು ಕಟ್ಟುನಿಟ್ಟಾಗಿ ತಿಳಿಸಿದ್ದ. ಮಾರ್ಚ್ ೩, ಮಂಗಳವಾರ ಬೆಳಿಗ್ಗೆ ಅವಳು ಬಾಗಿಲ ಕಡೆ ನೋಡಿ, ಸೊಂಟದ ಗಂಟಿನಿಂದ ಪುಡಿ ತೆಗೆದು ಅಂಬಲಿಗೆ ಕದಡಿದಳು. ನಿದ್ದೆಯಲ್ಲಿದ್ದಾನೆಂದು ಅವಳು ಎಣಿಸಿದ್ದ ಮಗ ಚಾಪೆಯಿಂದ ಅದನ್ನು ನೋಡುತ್ತಿದ್ದ.

"ಕುಡಿಯೋ, ಮಗಾ."

"ನೀನು ಮೊದಲು ಕುಡಿ."

ಸಿರಾ ಬಟ್ಟಲನ್ನು ತುಟಿಯವರೆಗೆ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಹುಡುಗ ಎದ್ದು ಅಂಗಳ ದಾಟಿ ಜೆನೆಬಾಳ ಒಲೆಯ ಬಳಿ ಕುಳಿತ. ಅಲ್ಲಿ ಜೆನೆಬಾಳ ಪುಟ್ಟ ಮಗಳು ಹಿಂದಿನ ದಿನದ ಮುದ್ದೆ ತಿನ್ನುತ್ತಿದ್ದಳು. ಅವಳು ನುಂಗುವುದನ್ನು ನೋಡಿ ತಾನೂ ತಿಂದ.

ಅಂದು ಸಂಜೆ ಸಿರಾ ನಮ್ಮ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. "ಕುಡಿದುಬಿಡ್ಬೇಕಿತ್ತು," ಎಂದಳು. ಮರುಕ್ಷಣವೇ ತಗ್ಗಿದ ದನಿಯಲ್ಲಿ, "ಅವಳು ಆ ಮುದ್ದೆಗೆ ಏನು ಹಾಕಿದ್ಲೋ, ಒಂದೇ ತುತ್ತಿಗೆ ನನ್ನ ಮಗ ಅವಳವನಾದ," ಎಂದಳು.

ಮೊದಿಬೊ ಅನಂತರ ತಾಯಿಯ ಸರದಿಯ ಅಡುಗೆಯನ್ನು, ಬೇರೆಯವರು ಉಂಡ ಮೇಲೆ ಮಾತ್ರ ಮುಟ್ಟುತ್ತಿದ್ದ. ೧೯೯೮ರಲ್ಲಿ ತಂದೆಯ ಕಸುಬಿಗೇ ಸೇರಿದ. ೨೦೦೫ರ ಮೇ ೧೪ರಂದು ಮದುವೆಯಾದ. ಎರಡನೆಯ ಹೆಂಡತಿಯನ್ನು ತರಲಿಲ್ಲ. ಇರುವ ಒಬ್ಬಳು ಇಂದಿಗೂ ಮೊದಲ ತುತ್ತನ್ನು ಅವನೆದುರು ತಿನ್ನುತ್ತಾಳೆ. ಸಿರಾ ೨೦೦೯ರ ಆಗಸ್ಟ್ ೧೯ರಂದು ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅವಳಿಗೆ ಅಂಬಲಿ ಕುಡಿಸಿದವಳು ಜೆನೆಬಾ.